ಒಳಪದರದಲ್ಲಿ ದನಿ ತಗ್ಗಿದ ಜೀನ್

ಅಂಡನಾಳ ತೆರೆದೇ ಇದೆ. ತಿಂಗಳು ತಿಂಗಳು ಅಂಡ ಬಿಡುಗಡೆಯಾಗುತ್ತಿದೆ. ಗಂಡನ ವರದಿಯಲ್ಲೂ ದೋಷವಿಲ್ಲ. ಆದರೂ ಗರ್ಭ ನಿಲ್ಲುತ್ತಿಲ್ಲ. ಎಂಡೊಮೆಟ್ರಿಯೋಸಿಸ್ ಇರುವ ಎಷ್ಟೋ ಹೆಂಗಸರ ಕಥೆ ಇದು.

ಗರ್ಭಕೋಶದ ಒಳಪದರದಂಥದೇ ಅಂಗಾಂಶ ಅಂಡಾಶಯ, ಕಿಬ್ಬೊಟ್ಟೆಯ ಪೊರೆ, ಕೆಲವೊಮ್ಮೆ ಕರುಳಿನ ಮೇಲೂ ಬೆಳೆಯುವುದೇ ಈ ಕಾಯಿಲೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಹೆರುವ ವಯಸ್ಸಿನ ಹತ್ತು ಮಂದಿಯಲ್ಲಿ ಒಬ್ಬರಿಗೆ, ಒಟ್ಟು ಸುಮಾರು 19 ಕೋಟಿ ಜನರಿಗೆ ಇದು ಇದೆ. ಅಂಗಗಳು ಒಂದಕ್ಕೊಂದು ಅಂಟಿಕೊಂಡು ನಾಳ ಮುಚ್ಚಿಹೋದರೆ ಬಸಿರು ನಿಲ್ಲದಿರುವುದು ಅರ್ಥವಾಗುತ್ತದೆ. ಆದರೆ ಏನೂ ಅಂಟಿಕೊಳ್ಳದ, ಸೌಮ್ಯ ರೂಪದ ಕಾಯಿಲೆಯಲ್ಲೂ ಹೀಗಾಗುವುದೇಕೆ?

ಉತ್ತರದ ಒಂದು ಎಳೆ ಹಾಕ್ಸ್-ಎ10 ಎಂಬ ಜೀನ್‌ನಲ್ಲಿದೆ. ಹಾಕ್ಸ್ ಜೀನ್‌ಗಳು ಭ್ರೂಣದಲ್ಲಿ ಯಾವ ಅಂಗ ಎಲ್ಲಿ ಎಂದು ಗೊತ್ತುಮಾಡುವ ಬಳಗ. 9ನೆಯದು ಅಂಡನಾಳಕ್ಕೆ, 10ನೆಯದು ಗರ್ಭಕೋಶಕ್ಕೆ, 11ನೆಯದು ಅದರ ಕೆಳಭಾಗಕ್ಕೆ. ಕ್ರೋಮೋಸೋಮಿನಲ್ಲಿ ಅವು ಕೂತಿರುವುದೂ ಇದೇ ಸಾಲಿನಲ್ಲಿ! ಅಂಗ ರೂಪುಗೊಂಡ ಮೇಲೂ 10ನೆಯದಕ್ಕೆ ಬಿಡುವಿಲ್ಲ. ಪ್ರತಿ ಋತುಚಕ್ರದಲ್ಲೂ ಅಂಡ ಬಿಡುಗಡೆಯಾದ ಬಳಿಕ, ಪ್ರೊಜೆಸ್ಟೆರಾನ್ ಹಾರ್ಮೋನು ಏರಿದಂತೆ ಅದರ ಚಟುವಟಿಕೆಯೂ ಏರುತ್ತದೆ. ಆಗ ಒಳಪದರದ ಮೇಲ್ಮೈಯಲ್ಲಿ ಪಿನೊಪೋಡ್ ಎಂಬ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕಕ್ಕೆ ಮಾತ್ರ ಕಾಣುವ ಉಬ್ಬುಗಳು ಏಳುತ್ತವೆ. ಭ್ರೂಣ ಬಂದು ನೆಲೆಯೂರಬೇಕಾದದ್ದು ಆ ಕೆಲವೇ ದಿನಗಳಲ್ಲಿ.

ಈ ಜೀನ್ ಇಲ್ಲದ ಹೆಣ್ಣಿಲಿಗಳ ಗರ್ಭದಲ್ಲಿ ಭ್ರೂಣ ಸಾಮಾನ್ಯವಾಗಿ ಉಳಿಯುವುದಿಲ್ಲ, ಆದರೆ ಅವೇ ಭ್ರೂಣಗಳನ್ನು ಬೇರೆ ಇಲಿಯ ಗರ್ಭಕ್ಕಿಟ್ಟರೆ ಬೆಳೆಯುತ್ತವೆ ಎಂದು 1995ರಲ್ಲಿ ಗೊತ್ತಾಯಿತು. ಕೊರತೆ ಬೀಜದ್ದಲ್ಲ, ನೆಲದ್ದು. 1999ರಲ್ಲಿ ಯೇಲ್ ವಿಶ್ವವಿದ್ಯಾಲಯದ ಹ್ಯೂ ಟೇಲರ್ ತಂಡ ಎಂಡೊಮೆಟ್ರಿಯೋಸಿಸ್ ಇರುವವರ ಒಳಪದರ ಪರೀಕ್ಷಿಸಿದಾಗ, ಏರಬೇಕಾದ ಹೊತ್ತಿನಲ್ಲಿ ಹಾಕ್ಸ್-ಎ10 ಏರಿರಲಿಲ್ಲ. ಜೀನ್ ಕೆಟ್ಟಿರಲಿಲ್ಲ. ಅದನ್ನು ಚಾಲೂ ಮಾಡುವ ಡಿಎನ್‌ಎ ಭಾಗಕ್ಕೆ ಮೀಥೈಲ್ ಎಂಬ ರಾಸಾಯನಿಕ ತುಣುಕುಗಳು ಹೆಚ್ಚಾಗಿ ಅಂಟಿಕೊಂಡು ಅದರ ದನಿ ಅಡಗಿಸುತ್ತವೆ ಎಂಬುದು ಮುಂದಿನ ಅಧ್ಯಯನಗಳಲ್ಲಿ ಕಂಡಿತು.

ಹಾಗಾದರೆ ಯಾವುದು ಮೊದಲು, ಕಾಯಿಲೆಯೋ ಜೀನ್‌ನ ಮೌನವೋ? ನನ್ನ ಕಣ್ಣಿಗೆ ಇಲ್ಲಿ ಅತಿ ಸೊಗಸಾದ ಪ್ರಯೋಗ ಬಬೂನ್ ಕೋತಿಗಳದು. ಆರೋಗ್ಯವಾಗಿದ್ದ ಕೋತಿಗಳ ಮುಟ್ಟಿನ ಅಂಗಾಂಶವನ್ನೇ ಅವುಗಳ ಹೊಟ್ಟೆಯೊಳಗೆ ನೆಟ್ಟು ಕಾಯಿಲೆ ಬರಿಸಿದರು. ತಿಂಗಳುಗಳು ಕಳೆದಂತೆ, ಯಾರೂ ಮುಟ್ಟದ ಗರ್ಭಕೋಶದೊಳಗೆ ಹಾಕ್ಸ್-ಎ10 ತಗ್ಗಿತು. ಅಂದರೆ ಹೊರಗೆ ಬೆಳೆದ ಗಂಟು ಒಳಗಿನ ಜೀನ್‌ನ ನಡತೆಯನ್ನೇ ಬದಲಿಸಬಲ್ಲದು.

ಇದೊಂದೇ ಜೀನ್ ಎಲ್ಲಕ್ಕೂ ಹೊಣೆಯಲ್ಲ. ಪ್ರೊಜೆಸ್ಟೆರಾನ್‌ಗೆ ಓಗೊಡಬೇಕಾದ ಬೇರೆ ಜೀನ್‌ಗಳೂ ಈ ಕಾಯಿಲೆಯಲ್ಲಿ ಮಂಕಾಗುತ್ತವೆ, ಉರಿಯೂತ ಅಂಡವನ್ನೂ ಕಾಡುತ್ತದೆ. ಕಾಯಿಲೆಯಿದ್ದೂ ಸಹಜವಾಗಿ ಬಸಿರಾದವರು ಬಹಳ ಮಂದಿ. ಹಾಕ್ಸ್-ಎ10ನ್ನು ನೇರವಾಗಿ ಎಬ್ಬಿಸುವ ಮಾತ್ರೆ ಮಾತ್ರ ಇನ್ನೂ ಬಂದಿಲ್ಲ. ಶಸ್ತ್ರಚಿಕಿತ್ಸೆ ಮತ್ತು ಐವಿಎಫ್ ಇವೆ. ರೋಗ ಪತ್ತೆಗೇ ವರ್ಷಗಟ್ಟಲೆ ತಡವಾಗುವುದು ಸಾಮಾನ್ಯ. ಹಾಗಾಗಿ ಶಾಲೆ-ಕೆಲಸ ತಪ್ಪಿಸುವಷ್ಟು ಮುಟ್ಟಿನ ನೋವಿರುವ ಹುಡುಗಿಗೆ ‘ಮದುವೆಯಾದರೆ ಸರಿಹೋಗುತ್ತೆ’ ಎನ್ನಬೇಡಿ, ಸ್ತ್ರೀರೋಗ ತಜ್ಞರಿಗೆ ತೋರಿಸಿ.