ಉಷ್ಣಪ್ರಿಯ ಬ್ಯಾಕ್ಟೀರಿಯಾಗಳ ಲೈಪೇಸ್ ಕಿಣ್ವಗಳು ಮತ್ತು ಅವುಗಳ ಔದ್ಯಮಿಕ ಉಪಯೋಗ

ಬಹುತೇಕ ಜೀವಿಗಳ ಪ್ರೋಟೀನುಗಳು ಅಧಿಕ ಉಷ್ಣತೆಯಲ್ಲಿ ತಮ್ಮ ರಚನೆಯನ್ನು ಕಳೆದುಕೊಂಡು ನಿಷ್ಕ್ರಿಯವಾಗುತ್ತವೆ. ಆದರೆ 1960ರ ದಶಕದಲ್ಲಿ ಥಾಮಸ್ ಬ್ರಾಕ್ ಅವರು ಅಮೆರಿಕದ ಯೆಲ್ಲೊಸ್ಟೋನ್ ರಾಷ್ಟ್ರೀಯ ಉದ್ಯಾನದ ಬಿಸಿನೀರಿನ ಬುಗ್ಗೆಗಳಲ್ಲಿ ನಡೆಸಿದ ಅಧ್ಯಯನಗಳಿಂದ, 70 ಡಿಗ್ರಿ ಸೆಲ್ಸಿಯಸ್‌ನಲ್ಲಿಯೂ ಬ್ಯಾಕ್ಟೀರಿಯಾಗಳು ಸಮೃದ್ಧವಾಗಿ ಬೆಳೆಯಬಲ್ಲವೆಂಬುದು ಸ್ಪಷ್ಟವಾಯಿತು. ಇಂತಹ ಉಷ್ಣಪ್ರಿಯ ಜೀವಿಗಳ ಪೈಕಿ, ಕೊಬ್ಬನ್ನು ವಿಘಟಿಸುವ ದೃಷ್ಟಿಯಿಂದ ಮುಖ್ಯವಾದವು ಜಿಯೋಬ್ಯಾಸಿಲಸ್ ಕುಲದ ಬ್ಯಾಕ್ಟೀರಿಯಾಗಳು. ಮೊದಲು ಬ್ಯಾಸಿಲಸ್ ಕುಲದಲ್ಲಿದ್ದ ಇವುಗಳನ್ನು 2001ರಲ್ಲಿ ಪ್ರತ್ಯೇಕ ಕುಲವಾಗಿ ವಿಂಗಡಿಸಲಾಯಿತು.

ಇವು ಸ್ರವಿಸುವ ಲೈಪೇಸ್ ಕಿಣ್ವವು ಟ್ರೈಗ್ಲಿಸರೈಡ್ ಅಣುವಿನ ಎಸ್ಟರ್ ಬಂಧಗಳನ್ನು ನೀರಿನ ನೆರವಿನಿಂದ ಒಡೆದು ಕೊಬ್ಬಿನಾಮ್ಲಗಳನ್ನೂ ಗ್ಲಿಸರಾಲನ್ನೂ ಬಿಡುಗಡೆ ಮಾಡುತ್ತದೆ. ನೀರಿನ ಅಂಶ ಅತ್ಯಲ್ಪವಾಗಿದ್ದಲ್ಲಿ ಅದೇ ಕಿಣ್ವವು ವಿರುದ್ಧ ದಿಕ್ಕಿನಲ್ಲಿ ವರ್ತಿಸಿ ಎಸ್ಟರುಗಳನ್ನು ಸಂಶ್ಲೇಷಿಸುತ್ತದೆ. ಸೆರಿನ್, ಆಸ್ಪಾರ್ಟೇಟ್ ಹಾಗೂ ಹಿಸ್ಟಿಡಿನ್ ಎಂಬ ಮೂರು ಅಮೈನೊ ಆಮ್ಲಗಳು ಇದರ ಕ್ರಿಯಾಕೇಂದ್ರವನ್ನು ರೂಪಿಸುತ್ತವೆ. ಅಣುವಿನೊಳಗೆ ಬಂಧಿತವಾಗಿರುವ ಸತು ಮತ್ತು ಕ್ಯಾಲ್ಸಿಯಂ ಅಯಾನುಗಳು ಅದರ ಉಷ್ಣಸ್ಥಿರತೆಗೆ ನೆರವಾಗುತ್ತವೆ.

ಸಾಮಾನ್ಯ ಉಷ್ಣತೆಯಲ್ಲಿ ಗಟ್ಟಿಯಾಗಿರುವ ಪ್ರಾಣಿಜನ್ಯ ಕೊಬ್ಬು 60 ಡಿಗ್ರಿಯಲ್ಲಿ ಕರಗಿ ದ್ರವವಾಗುವುದರಿಂದ ಕಿಣ್ವದೊಡನೆ ಸುಲಭವಾಗಿ ಬೆರೆಯುತ್ತದೆ. ಅನ್ಯ ಸೂಕ್ಷ್ಮಜೀವಿಗಳ ಸೋಂಕೂ ತಗ್ಗುತ್ತದೆ. ಕೊಬ್ಬಿನಾಮ್ಲಗಳ ತಯಾರಿಕೆ, ಜೈವಿಕ ಡೀಸೆಲ್ ಉತ್ಪಾದನೆ, ಕಸಾಯಿಖಾನೆ ಹಾಗೂ ಹೈನೋದ್ಯಮಗಳ ಜಿಡ್ಡಿನ ತ್ಯಾಜ್ಯನೀರಿನ ಸಂಸ್ಕರಣೆ ಮುಂತಾದ ಕಾರ್ಯಗಳಲ್ಲಿ ಈ ಗುಣಗಳು ಉಪಯುಕ್ತವಾಗಿವೆ. ಲೈಪೇಸಿನ ಜೀನನ್ನು ಎಶ್ಚರಿಶಿಯ ಕೋಲಿಯಲ್ಲಿ ಅಳವಡಿಸಿ ಕಿಣ್ವವನ್ನು ಪಡೆಯುವಾಗಲೂ ಇನ್ನೊಂದು ಅನುಕೂಲವಿದೆ: ಕೋಶಸಾರವನ್ನು ಕಾಯಿಸಿದರೆ ಆತಿಥೇಯ ಜೀವಿಯ ಅನೇಕ ಪ್ರೋಟೀನುಗಳು ಗರಣೆಗಟ್ಟಿ ಬೇರ್ಪಡುತ್ತವೆ, ಬೇಕಾದ ಕಿಣ್ವ ದ್ರಾವಣದಲ್ಲಿಯೇ ಉಳಿಯುತ್ತದೆ.

ಆದಾಗ್ಯೂ ಉಷ್ಣಸ್ಥಿರತೆಯೊಂದೇ ಔದ್ಯಮಿಕ ಯೋಗ್ಯತೆಯ ಮಾನದಂಡವಾಗಲಾರದು. 1988ರಲ್ಲಿ ಡೆನ್ಮಾರ್ಕಿನ ನೋವೊ ಸಂಸ್ಥೆ ಮಾರುಕಟ್ಟೆಗೆ ತಂದ ಬಟ್ಟೆ ಮಾರ್ಜಕದ ಲೈಪೇಸ್ ಬ್ಯಾಕ್ಟೀರಿಯಾದ್ದಲ್ಲ. ಉಷ್ಣಪ್ರಿಯ ಶಿಲೀಂಧ್ರವೊಂದರ ಜೀನನ್ನು ಆಸ್ಪರ್ಜಿಲಸ್ ಒರೈಜೆಯಲ್ಲಿ ಅಳವಡಿಸಿ ಅದನ್ನು ತಯಾರಿಸಲಾಗಿತ್ತು. ಇಂಧನ ಉಳಿತಾಯಕ್ಕಾಗಿ ತಣ್ಣೀರಿನಲ್ಲಿ ಒಗೆಯುವ ಪದ್ಧತಿ ಹೆಚ್ಚಿದಂತೆ, 60–70 ಡಿಗ್ರಿಯಲ್ಲಿ ಗರಿಷ್ಠ ಚಟುವಟಿಕೆ ತೋರುವ ಕಿಣ್ವದ ಪ್ರಯೋಜನ ಅಲ್ಲಿ ಕುಂಠಿತವಾಗುತ್ತದೆ. ಜೈವಿಕ ಡೀಸೆಲ್ ತಯಾರಿಕೆಯಲ್ಲಿ ಬಳಸುವ ಮೆಥನಾಲ್ ಶಾಖವನ್ನು ತಾಳುವ ಲೈಪೇಸನ್ನೂ ನಿಷ್ಕ್ರಿಯಗೊಳಿಸಬಲ್ಲದು. ಆದುದರಿಂದ ಹೊಸ ತಳಿಗಳನ್ನು ಆಯ್ದುಕೊಳ್ಳುವಾಗ ಉಷ್ಣತೆಯೊಡನೆ ದ್ರಾವಕ, ಕ್ಷಾರೀಯತೆ ಹಾಗೂ ಉತ್ಪಾದನಾ ವೆಚ್ಚಗಳನ್ನೂ ಒಟ್ಟಾಗಿ ಪರಿಗಣಿಸುವುದು ಅವಶ್ಯಕ.