ಲೆಗ್ ಕ್ಲಬ್: ಹುಣ್ಣು ಮಾಯ್ದ ಮೇಲೂ ಸದಸ್ಯತ್ವ

ವಯಸ್ಸಾದವರ ಕಾಲಿನಲ್ಲಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಮಾಯದೆ ಉಳಿಯುವ ಹುಣ್ಣುಗಳಲ್ಲಿ ಹೆಚ್ಚಿನವು ಸಿರೆಗಳ ದೋಷದಿಂದ ಹುಟ್ಟಿದವು. ರಕ್ತವನ್ನು ಹೃದಯದ ಕಡೆಗೆ ಮೇಲೇರಿಸುವ ಮೀನಖಂಡದ ಸ್ನಾಯುಗಳಿಗೆ ನೆರವಾಗುವ ಕವಾಟಗಳು ಸಡಿಲಗೊಂಡಾಗ ರಕ್ತ ಕೆಳಗೇ ನಿಂತು, ಸಿರೆಯೊಳಗಿನ ಒತ್ತಡ ಏರಿ, ಕಣಕಾಲಿನ ಸುತ್ತ ಬಾವು ಬಂದು, ಚರ್ಮ ಕಪ್ಪಿಟ್ಟು, ಒಂದು ಸಣ್ಣ ತರಚುಗಾಯವೂ ಹುಣ್ಣಾಗಿ ನೆಲೆನಿಲ್ಲುತ್ತದೆ. ಇದಕ್ಕೆ ಮುಖ್ಯ ಚಿಕಿತ್ಸೆ ಮುಲಾಮಲ್ಲ, ಬಿಗಿಪಟ್ಟಿ. ಕಣಕಾಲಿನಲ್ಲಿ ಸುಮಾರು 40 ಮಿಲಿಮೀಟರ್ ಪಾದರಸದಷ್ಟು ಒತ್ತಡ ಬಿದ್ದು, ಮೇಲೆ ಹೋದಂತೆ ಅದು ತಗ್ಗುವ ಹಾಗೆ ಮೊಣಕಾಲಿನ ಕೆಳಗಿನವರೆಗೆ ಸುತ್ತುವ ಬ್ಯಾಂಡೇಜು ಅದು. ಸುತ್ತುವ ಮೊದಲು ಡಾಪ್ಲರ್ ಎಂಬ, ರಕ್ತದ ಹರಿವನ್ನು ಸದ್ದಾಗಿ ಕೇಳಿಸುವ ಉಪಕರಣದ ನೆರವಿನಿಂದ ಕಾಲಿನ ರಕ್ತದೊತ್ತಡವನ್ನು ತೋಳಿನ ಒತ್ತಡಕ್ಕೆ ಹೋಲಿಸಿ ನೋಡಬೇಕಾಗುತ್ತದೆ. ಆ ಅನುಪಾತ 0.8ಕ್ಕಿಂತ ಕಡಿಮೆಯಿದ್ದರೆ ಅಪಧಮನಿಯಲ್ಲಿಯೇ ತಡೆಯಿರುವ ಸಂಭವವಿದ್ದು, ಅಂಥ ಕಾಲಿಗೆ ಪೂರ್ಣ ಬಿಗಿ ಅಪಾಯಕಾರಿ.

ವೈದ್ಯಶಾಸ್ತ್ರದ ಮಟ್ಟಿಗೆ ಇದು ಬಿಡಿಸಲಾಗದ ಒಗಟೇನಲ್ಲ. ತೊಡಕಿದ್ದದ್ದು ಚಿಕಿತ್ಸೆಯನ್ನು ಒದಗಿಸುವ ಕ್ರಮದಲ್ಲಿ. ಬ್ರಿಟನ್ನಿನಲ್ಲಿ ಇಂಥ ರೋಗಿಗಳನ್ನು ಬಹುಮಟ್ಟಿಗೆ ಸಮುದಾಯದ ದಾದಿಯರೇ ಮನೆಗೆ ಹೋಗಿ ನೋಡಿಕೊಳ್ಳುತ್ತಿದ್ದರು. ಹುಣ್ಣಿನ ವಾಸನೆಗೂ ಸೋರಿಕೆಗೂ ನಾಚಿ ಹೊರಗೆ ಹೋಗುವುದನ್ನೇ ಬಿಟ್ಟಿದ್ದ ಒಂಟಿ ವೃದ್ಧರಲ್ಲಿ ಎಷ್ಟೋ ಮಂದಿಗೆ ವಾರದಲ್ಲಿ ಬಾಗಿಲು ತಟ್ಟುವವಳು ದಾದಿಯೊಬ್ಬಳೇ ಆಗಿದ್ದಳು. ಹುಣ್ಣು ಮಾಯ್ದರೆ ಆ ಭೇಟಿಯೂ ನಿಲ್ಲುತ್ತಿತ್ತು. ಗುಣವಾಗುವುದೇ ನಷ್ಟವೆನಿಸುವ ಇಂಥ ಏರ್ಪಾಡಿನಲ್ಲಿ ರೋಗಿ ಬಿಗಿಪಟ್ಟಿಯನ್ನು ತಾನೇ ಸಡಿಲಿಸಿಕೊಂಡರೆ ಅದನ್ನು ಬರಿಯ ಹಟವೆಂದು ಬಗೆಯುವುದು ನ್ಯಾಯವಲ್ಲ.

ಸಫೋಕ್ ಪ್ರಾಂತದಲ್ಲಿ ಸಮುದಾಯ ದಾದಿಯಾಗಿದ್ದ ಎಲೀ ಲಿಂಡ್ಸೆ 1995ರಲ್ಲಿ ಆರಂಭಿಸಿದ ಲೆಗ್ ಕ್ಲಬ್ ಈ ಗಂಟನ್ನು ಬಿಡಿಸಲು ಯತ್ನಿಸಿತು. ಇದು ಸೇರುವುದು ಆಸ್ಪತ್ರೆಯಲ್ಲಲ್ಲ; ಊರಿನ ಸಭಾಭವನದಲ್ಲೋ ಚರ್ಚಿನ ಹಾಲ್‌ನಲ್ಲೋ. ಮುಂಗಡ ಸಮಯ ಗೊತ್ತುಪಡಿಸಿಕೊಳ್ಳುವ ಅಗತ್ಯವಿಲ್ಲ. ಬಂದವರನ್ನು ರೋಗಿಗಳೆನ್ನದೆ ಸದಸ್ಯರೆನ್ನುತ್ತಾರೆ. ಚಿಕಿತ್ಸೆ ನೀಡುವ ದಾದಿಯರು ಸ್ಥಳೀಯ ಆರೋಗ್ಯ ಸೇವೆಗೆ ಸೇರಿದವರಾದರೆ, ಚಹಾ ಕೊಡುವುದು, ಹಣ ಕೂಡಿಸುವುದು, ನಡೆಯಲಾರದವರನ್ನು ಕರೆತರುವ ವ್ಯವಸ್ಥೆ ಮಾಡುವುದು ಊರಿನ ಸ್ವಯಂಸೇವಕರ ಪಾಲಿನ ಕೆಲಸ. ಎಲ್ಲಕ್ಕಿಂತ ದಿಟ್ಟ ಬದಲಾವಣೆಯೆಂದರೆ ಸಾಮೂಹಿಕ ಚಿಕಿತ್ಸೆ: ಸದಸ್ಯರು ಒಟ್ಟಿಗೆ ಕುಳಿತು, ಪ್ರತಿಯೊಬ್ಬರಿಗೂ ಹೊಸ ಪ್ಲಾಸ್ಟಿಕ್ ಹೊದಿಕೆ ಹಾಕಿದ ಬಕೆಟ್ಟಿನಲ್ಲಿ ಕಾಲು ತೊಳೆಸಿಕೊಂಡು, ಪರಸ್ಪರರ ಕಣ್ಣೆದುರಿನಲ್ಲಿಯೇ ಡ್ರೆಸ್ಸಿಂಗ್ ಮಾಡಿಸಿಕೊಳ್ಳುತ್ತಾರೆ. ಮರೆ ಬೇಕೆನ್ನುವವರಿಗೆ ಅದಕ್ಕೂ ಅವಕಾಶವಿದೆ. ಮೊದಲ ಕೇಳ್ವಿಗೆ ಇದು ಸಂಕೋಚ ಹುಟ್ಟಿಸುವ ಪದ್ಧತಿಯಾಗಿ ತೋರಿದರೂ, ತನ್ನಂಥದೇ ಹುಣ್ಣು ಪಕ್ಕದವರ ಕಾಲಿನಲ್ಲಿ ವಾರದಿಂದ ವಾರಕ್ಕೆ ಕುಗ್ಗುತ್ತಿರುವುದನ್ನು ಕಂಡವರಿಗೆ ಬಿಗಿಪಟ್ಟಿಯ ಹಿಂಸೆಯನ್ನು ಸಹಿಸಲು ಬೇರೆ ಉಪದೇಶ ಅಷ್ಟಾಗಿ ಬೇಕಾಗದು. ದಾದಿಯರ ಪಾಲಿಗೂ, ಒಬ್ಬರ ಕೈಚಳಕವನ್ನು ಇನ್ನೊಬ್ಬರು ನೋಡಿ ಕಲಿಯಲು ಇದಕ್ಕಿಂತ ಒಳ್ಳೆಯ ಜಾಗ ಅಪರೂಪ.

ಹುಣ್ಣು ಮಾಯ್ದ ಮೇಲೂ ಸದಸ್ಯತ್ವ ಉಳಿಯುತ್ತದೆ. ಇದು ಬರಿಯ ಸೌಜನ್ಯವಲ್ಲ, ಏಕೆಂದರೆ ಸಿರೆಯ ಹುಣ್ಣು ಮರುಕಳಿಸುವ ಸ್ವಭಾವದ್ದಾಗಿದ್ದು, ಬಿಗಿ ಕಾಲುಚೀಲವನ್ನು ಬಹುಕಾಲ ಧರಿಸಬೇಕಾಗುತ್ತದೆ. ಮಾಯ್ದ ಕಾಲನ್ನು ಆಗಾಗ ಪರೀಕ್ಷಿಸಿ, ಕಾಲುಚೀಲದ ಅಳತೆ ನೋಡಿ, ಚರ್ಮದ ಆರೈಕೆಯನ್ನು ನೆನಪಿಸುವ ಕೆಲಸವೂ ಕ್ಲಬ್ಬಿನದೇ.

ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ 67 ಜನರನ್ನು ಚೀಟಿ ಎತ್ತಿದಂತೆ ಎರಡು ಗುಂಪಾಗಿಸಿ, ಒಂದಕ್ಕೆ ಕ್ಲಬ್ಬಿನಲ್ಲಿಯೂ ಇನ್ನೊಂದಕ್ಕೆ ಮನೆಯಲ್ಲಿಯೂ ಚಿಕಿತ್ಸೆ ಕೊಟ್ಟು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕ್ಲಬ್ಬಿನವರ ಹುಣ್ಣು ಮಾಯುವಿಕೆ, ನೋವು, ಮನೋಸ್ಥೈರ್ಯ ಎಲ್ಲದರಲ್ಲೂ ಸುಧಾರಣೆ ಹೆಚ್ಚಿತ್ತು. ಸಂಖ್ಯೆ ಚಿಕ್ಕದೆಂಬುದು ನಿಜ. ಹಾಸಿಗೆ ಹಿಡಿದವರಿಗೂ ಹೊರಗೆ ಬರಲೊಪ್ಪದವರಿಗೂ ಈ ಏರ್ಪಾಡು ನಿಲುಕದೆಂಬುದೂ ನಿಜವಾಗಿದ್ದು, ಅವರಿಗಾಗಿ ದಾದಿ ಇಂದಿಗೂ ಮನೆಬಾಗಿಲಿಗೇ ಹೋಗಬೇಕಾಗಿದೆ.