ಬಾಡಿಗೆ ಮನೆಯ ಕಿಟಕಿ ಎಸಿ: ಬಿಲ್ಲು ಏರುವುದೆಲ್ಲಿ, ಇಳಿಸುವುದು ಹೇಗೆ?

ಮಾರ್ಚ್ ತಿಂಗಳಲ್ಲಿ ನಮ್ಮ ಕರಾವಳಿಯ ಧರ್ಮಕೇಂದ್ರಗಳಲ್ಲಿ ಬಲಿಪೂಜೆ ಮುಗಿದ ಮೇಲಿನ ಮಾತು ಸೆಕೆಯದ್ದು. ಮೇ ತಿಂಗಳಿಗೆ ಅದು ಕರೆಂಟು ಬಿಲ್ಲಿನ ಮಾತಾಗುತ್ತದೆ. ಮಂಗಳೂರು, ಉಡುಪಿಗಳ ಬಾಡಿಗೆ ಮನೆಗಳಲ್ಲಿರುವ ಕುಟುಂಬಗಳಿಗೆ ಇದು ಹೆಚ್ಚು ತಟ್ಟುತ್ತದೆ. ಸ್ಪ್ಲಿಟ್ ಎಸಿಗೆ ಗೋಡೆ ಕೊರೆಯಬೇಕು, ಅದಕ್ಕೆ ಮಾಲೀಕರು ಒಪ್ಪಬೇಕು. ಇದ್ದ ಕಿಟಕಿಯಲ್ಲೇ ಕೂರುವ, ಮನೆ ಬಿಡುವಾಗ ಎತ್ತಿಕೊಂಡು ಹೋಗಬಹುದಾದ ಕಿಟಕಿ ಎಸಿ ಆದ್ದರಿಂದಲೇ ಬಾಡಿಗೆದಾರರಿಗೆ ಅನುಕೂಲ. ಮನೆಯಲ್ಲಿ ಹಾಸಿಗೆ ಹಿಡಿದವರು, ಹಸುಗೂಸುಗಳು ಇದ್ದರೆ ಅದನ್ನು ಆಡಂಬರ ಎನ್ನುವುದು ನ್ಯಾಯವಲ್ಲ.

ಮೊದಲು ಲೆಕ್ಕ ನೋಡೋಣ. ಒಂದೂವರೆ ಟನ್ನಿನ ಸಾಮಾನ್ಯ ಕಿಟಕಿ ಎಸಿಯ ಕಂಪ್ರೆಸರ್ ಒಂದು ಗಂಟೆ ಓಡಿದರೆ ಸುಮಾರು ಒಂದೂವರೆ ಯೂನಿಟ್ ಖರ್ಚಾಗುತ್ತದೆ. ರಾತ್ರಿ 8 ಗಂಟೆ ಎಸಿ ಹಾಕಿ, ಕಂಪ್ರೆಸರ್ ನಡುನಡುವೆ ನಿಂತು ಒಟ್ಟು 5 ಗಂಟೆಯಷ್ಟೇ ಓಡಿತೆಂದುಕೊಂಡರೂ ದಿನಕ್ಕೆ ಏಳೂವರೆ ಯೂನಿಟ್, ತಿಂಗಳಿಗೆ 225. ರಾಜ್ಯ ಸರಕಾರ 2023ರಲ್ಲಿ ಆರಂಭಿಸಿದ ಗೃಹಜ್ಯೋತಿ ಯೋಜನೆ ಬಾಡಿಗೆದಾರರಿಗೂ ಅನ್ವಯಿಸುತ್ತದೆ. ಆದರೆ ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಆ ತಿಂಗಳ ಪೂರ್ತಿ ಬಿಲ್ಲನ್ನು ಬಳಕೆದಾರರೇ ಕಟ್ಟಬೇಕೆಂಬುದು ಅದರ ನಿಯಮ. ಅಂದರೆ ಎಸಿಯೊಂದೇ ಆ ಗೆರೆ ದಾಟಿಸಬಲ್ಲದು. ಫ್ಯಾನು, ಫ್ರಿಜ್ಜು, ದೀಪಗಳಿಗೆ 90 ಯೂನಿಟ್ ಹೋಗುವ ಮನೆಯಾದರೆ ಎಸಿಗೆ ಉಳಿಯುವುದು 110. ರಾತ್ರಿಯೊಂದಕ್ಕೆ ಕಂಪ್ರೆಸರ್ ಓಡಬಹುದಾದದ್ದು ಎರಡೂವರೆ ಗಂಟೆಗಿಂತ ಸ್ವಲ್ಪ ಕಡಿಮೆ. ಮಲಗುವಾಗ ಒಮ್ಮೆ, ಎದ್ದ ಮೇಲೆ ಒಮ್ಮೆ ಮೀಟರ್ ನೋಡಿ ಕ್ಯಾಲೆಂಡರಿನಲ್ಲಿ ಬರೆದಿಡಿ. ನಿಮ್ಮ ಮನೆಯ ನಿಜವಾದ ಅಂಕಿ ಒಂದು ವಾರದಲ್ಲಿ ಸಿಗುತ್ತದೆ.

ಈಗ ಸೆಕೆಯ ಸ್ವಭಾವ. ನಮ್ಮಲ್ಲಿ ಕಾಡುವುದು ಬಿಸಿಲಿನ ತಾಪಕ್ಕಿಂತ ಗಾಳಿಯ ತೇವ. ಬೆವರು ಆರದಿರುವುದರಿಂದಲೇ ಮೈ ಉರಿಯುತ್ತದೆ. ಎಸಿ ಗಾಳಿಯನ್ನು ತಂಪು ಮಾಡುವುದರ ಜೊತೆಗೆ ಅದರ ನೀರನ್ನೂ ಹಿಂಡುತ್ತದೆ; ಹಿಂಬದಿಯಿಂದ ತೊಟ್ಟಿಕ್ಕುವುದು ಆ ನೀರೇ. ಕೋಣೆ ಒಣಗಿದರೆ 26 ಡಿಗ್ರಿಯಲ್ಲೂ ಹಾಯಾಗಿ ನಿದ್ರೆ ಬರುತ್ತದೆ, ಮೇಲೆ ಸೀಲಿಂಗ್ ಫ್ಯಾನ್ ನಿಧಾನವಾಗಿ ತಿರುಗುತ್ತಿರಬೇಕು ಅಷ್ಟೆ. 18ಕ್ಕೆ ಇಟ್ಟರೆ ಬೇಗ ತಂಪಾಗುತ್ತದೆ ಎಂಬುದು ತಪ್ಪು ತಿಳಿವಳಿಕೆ. ಈ ಎಸಿಗಳ ಕಂಪ್ರೆಸರ್ ಸಾಮಾನ್ಯವಾಗಿ ಒಂದೇ ವೇಗದ್ದು. 18ಕ್ಕೆ ಇಟ್ಟರೂ 26ಕ್ಕೆ ಇಟ್ಟರೂ ತಂಪು ಮಾಡುವ ವೇಗ ಒಂದೇ, 18ರಲ್ಲಿ ನಿಲ್ಲದೆ ಓಡುತ್ತದೆ. ಒಂದು ಡಿಗ್ರಿ ಏರಿಸಿದರೆ ಸುಮಾರು ಶೇಕಡಾ 6ರಷ್ಟು ವಿದ್ಯುತ್ ಉಳಿಯುತ್ತದೆಂದು ಕೇಂದ್ರ ಸರಕಾರದ ಇಂಧನ ದಕ್ಷತಾ ಬ್ಯೂರೋ ಹೇಳಿದೆ. ನಕ್ಷತ್ರ ಗುರುತಿನ ಹೊಸ ಎಸಿಗಳು ಆರಂಭದಲ್ಲಿ 24ರಲ್ಲೇ ಇರಬೇಕೆಂಬ ನಿಯಮವೂ 2020ರ ಜನವರಿಯಿಂದ ಬಂದಿದೆ. 'ಎನರ್ಜಿ ಸೇವರ್' ಗುಂಡಿ ಇದ್ದರೆ ಒತ್ತಿಡಿ. ಕಂಪ್ರೆಸರ್ ನಿಂತಾಗ ಅದರೊಡನೆ ಎಸಿಯ ಫ್ಯಾನೂ ನಿಲ್ಲುತ್ತದೆ. ಇಲ್ಲದಿದ್ದರೆ ಹಿಂಡಿದ ತೇವವನ್ನು ಆ ಫ್ಯಾನೇ ಮತ್ತೆ ಕೋಣೆಗೆ ಊದುತ್ತದೆ.

ಬಾಡಿಗೆ ಮನೆಗಳಲ್ಲಿ ದೊಡ್ಡ ನಷ್ಟ ಕಿಟಕಿಯ ಸಂದಿನಲ್ಲಿ. ಎಸಿಯನ್ನು ಮರದ ಹಲಗೆಗಳ ನಡುವೆ ಅವಸರದಲ್ಲಿ ಕೂರಿಸಿರುತ್ತಾರೆ, ಸುತ್ತ ಬೆರಳು ತೂರುವಷ್ಟು ಜಾಗ. ಹೊರಗಿನ ಒದ್ದೆ ಗಾಳಿ ರಾತ್ರಿಯಿಡೀ ಅಲ್ಲಿಂದ ನುಗ್ಗುತ್ತದೆ. ಹಾರ್ಡ್‌ವೇರ್ ಅಂಗಡಿಯ ಸ್ಪಂಜಿನ ಪಟ್ಟಿ ತುರುಕಿ ಟೇಪು ಹಚ್ಚಿದರೆ ಸಾಕು, ಮಾಲೀಕರ ಗೋಡೆಗೆ ಏನೂ ಆಗದು. ಎಸಿಯ ಮುಂಭಾಗದಲ್ಲಿ 'ವೆಂಟ್' ಎಂಬ ಸಣ್ಣ ಹಿಡಿಯೊಂದು ಇರುವುದುಂಟು. ಅದು ತೆರೆದಿದ್ದರೆ ತಂಪು ಗಾಳಿ ಹೊರಹೋಗುತ್ತದೆ, ಮುಚ್ಚಿಡಿ. ಎರಡು ವಾರಕ್ಕೊಮ್ಮೆ ಜಾಳಿಗೆ ತೆಗೆದು ತೊಳೆಯಿರಿ. ಕಡಲ ಪಕ್ಕದ ಮನೆಗಳಲ್ಲಿ ಉಪ್ಪುಗಾಳಿ ಹಿಂಬದಿಯ ತೆಳುಪಟ್ಟಿಗಳನ್ನು ತಿನ್ನುವುದರಿಂದ ಬೇಸಿಗೆಗೆ ಮುನ್ನ ಮೆಕ್ಯಾನಿಕ್‌ನಿಂದ ತೊಳೆಸುವುದು ಒಳ್ಳೆಯದು. ಹಿಂಬದಿಗೆ ನೆರಳು ಇರಲಿ, ಆದರೆ ಗಾಳಿ ಕಟ್ಟುವಂತೆ ತಗಡು ಹೊದಿಸಬೇಡಿ. ಎಕ್ಸ್‌ಟೆನ್ಶನ್ ಬೋರ್ಡಿನಲ್ಲಿ ಎಸಿ ಓಡಿಸುವುದಂತೂ ಬೆಂಕಿಗೆ ದಾರಿ. 16 ಆಂಪಿಯರ್ ಸಾಕೆಟ್, ಅದಕ್ಕೆ ತಕ್ಕ ವಯರಿಂಗ್ ಇರಲೇಬೇಕು.

ತಾರಸಿ ಮನೆಯ ಮೇಲಿನ ಮಹಡಿಯವರ ಪಾಡು ಬೇರೆ. ಹಗಲಿಡೀ ಕಾದ ಕಾಂಕ್ರೀಟು ನಡುರಾತ್ರಿವರೆಗೂ ಕಾವು ಕೆಳಗೆ ಬಿಡುತ್ತದೆ. ಮಾಲೀಕರು ಒಪ್ಪಿದರೆ ತಾರಸಿಗೆ ಬಿಳಿ ಸುಣ್ಣ ಹೊಡೆಸಬಹುದು. ಮಾಡು ಹೆಂಚಿನದಾಗಿದ್ದು ಒಳಗೆ ಸೀಲಿಂಗ್ ಇಲ್ಲದಿದ್ದರೆ ಎಸಿ ಹಾಕಲೇಬೇಡಿ ಎಂಬುದು ನಮ್ಮ ಸಲಹೆ. ಹೆಂಚಿನ ಸಂದುಗಳಲ್ಲಿ ತಂಪೆಲ್ಲ ಹಾರಿಹೋಗುತ್ತದೆ, ಕಂಪ್ರೆಸರ್ ನಿಲ್ಲುವುದೇ ಇಲ್ಲ.

ಜಗದ್ಗುರು ಫ್ರಾನ್ಸಿಸರು 2015ರ 'ಲೌದಾತೊ ಸೀ' ವಿಶ್ವಪತ್ರದ 55ನೇ ಪರಿಚ್ಛೇದದಲ್ಲಿ, ಹಾನಿಕರ ಬಳಕೆಯ ಅಭ್ಯಾಸಗಳಿಗೆ ಉದಾಹರಣೆಯಾಗಿ ಹವಾನಿಯಂತ್ರಣವನ್ನೇ ಎತ್ತಿಕೊಂಡಿದ್ದರು. ಇದನ್ನು ಬಾಡಿಗೆದಾರರಿಗೆ ಮಾತ್ರ ಓದಿ ಹೇಳಿದರೆ ಅರ್ಧ ಕೆಲಸವಾದಂತೆ. ನಮ್ಮ ಧರ್ಮಕೇಂದ್ರಗಳಲ್ಲಿ ಬಾಡಿಗೆ ಮನೆ ಕಟ್ಟಿಸಿದವರೂ ಇದ್ದಾರೆ. ಮನೆಯೊಂದಿಗೆ ಎಸಿ ಕೊಡುವ ಮಾಲೀಕರು ಅಗ್ಗದ್ದನ್ನು ಹುಡುಕುವುದು ಸಹಜ, ಏಕೆಂದರೆ ಬಿಲ್ಲು ಕಟ್ಟುವವರು ಬೇರೆ. ವಾಳೆಯ ಗುರಿಕಾರರು ಈ ವಿಷಯವನ್ನು ಮಾಲೀಕರ ಮುಂದೆಯೂ ಇಡಬೇಕು. ಬಾಡಿಗೆ ಕರಾರು ಬರೆಯುವಾಗಲೇ ಎಸಿಯ ದುರಸ್ತಿ, ತೊಳೆಸುವ ಖರ್ಚು ಯಾರದೆಂದು ಸೇರಿಸಿದರೆ ಆಮೇಲೆ ಜಗಳವಿಲ್ಲ. ಹಳೆಯದನ್ನು ಕೊಳ್ಳುವವರು ಲೇಬಲ್ಲಿನ ನಕ್ಷತ್ರದ ಜೊತೆಗೆ ಅದರ ವರ್ಷವನ್ನೂ ನೋಡಿ: ಮಾನದಂಡ ಆಗಾಗ ಬಿಗಿಯಾಗಿರುವುದರಿಂದ 2015ರ ಐದು ನಕ್ಷತ್ರ ಇಂದಿನ ಐದಕ್ಕೆ ಸಮವಲ್ಲ.